ದಾರಿ ತೋರಿಸುವುದೂ ಸದಕಾ

ಜೀವನೋಪಾಯವನ್ನು ಅರಸಿ ಊರು ಬಿಡುವುದು ಮನುಷ್ಯನಿಗೆ ಹೊಸತಲ್ಲ. ಅಲ್ಲಾಹನು ಭೂಮಿಯನ್ನು ನಮಗೆ ಅಧೀನಗೊಳಿಸಿ, ಅದರ ವಿಸ್ತಾರದಲ್ಲಿ ನಡೆದಾಡಿ ತನ್ನ ಅನ್ನಾಧಾರವನ್ನು ಉಣ್ಣಬೇಕೆಂದು ಸೂರಃ ಅಲ್ ಮುಲ್ಕ್‌ನಲ್ಲಿ ತಿಳಿಸಿದ್ದಾನೆ. ಕೊನೆಗೆ ಮರಳಬೇಕಾದುದು ಅವನ ಬಳಿಗೇ ಎಂಬುದನ್ನೂ ಅದೇ ವಚನದಲ್ಲಿ ನೆನಪಿಸಿದ್ದಾನೆ. ಹಾಗಾದರೆ ನಡೆದಾಟಕ್ಕೂ ಲೆಕ್ಕವಿದೆ, ದುಡಿಮೆಗೂ ಲೆಕ್ಕವಿದೆ, ದುಡಿಮೆಯ ನಡುವಿನ ಬಿಡುವಿಗೂ ಲೆಕ್ಕವಿದೆ.

ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳಲ್ಲಿ ಹೀಗೆ ಹೊರಗಿನಿಂದ ಬಂದು ನೆಲೆಸಿದ ಮುಸ್ಲಿಮ್ ಕುಟುಂಬಗಳು ಕಡಿಮೆಯೇನಲ್ಲ. ವಯನಾಡು, ಮಲಪ್ಪುರಂ ಕಡೆಯಿಂದ ಶುಂಠಿ ಬೇಸಾಯಕ್ಕೆ, ಅಂಗಡಿ ವ್ಯಾಪಾರಕ್ಕೆ ಬಂದವರಿದ್ದಾರೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದ ಬಳಿಕ ಕಚೇರಿ, ಶಾಲೆ, ಆಸ್ಪತ್ರೆಗಳ ನೌಕರಿಗೆಂದು ವರ್ಗವಾಗಿ ಬಂದವರಿದ್ದಾರೆ. ಮದುವೆಯಾಗಿ ಬಂದ ಹೆಣ್ಣು ಮಕ್ಕಳಂತೂ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ದೊಡ್ಡ ನಗರವಾದ ಮೈಸೂರು ಎರಡೂ ಊರುಗಳಿಗೆ ಸುಮಾರು 60 ಕಿಲೋಮೀಟರ್ ದೂರ. ಹತ್ತಿರವೂ ಅಲ್ಲ, ದೂರವೂ ಅಲ್ಲ. ಇಂತಹವರ ಬಿಡುವಿನ ದಿನ ಹೇಗೆ ಕಳೆಯುತ್ತದೆ ಎಂಬುದು ಮಸೀದಿಯ ಮಿಂಬರ್‌ನಿಂದ ಅಪರೂಪಕ್ಕೆ ಕೇಳಿಬರುವ ವಿಷಯ. ಆದರೆ ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟ ಹೊಂದುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ಬಿಟ್ಟುಬಿಡುವಂತಿಲ್ಲ.

ಮದೀನಾದ ಹೊಸಬರು

ಮಕ್ಕಾದಿಂದ ಹಿಜ್ರತ್ ಮಾಡಿ ಬಂದ ಸಹಾಬಿಗಳಿಗೆ ಮದೀನಾ ಹೊಸ ಊರಾಗಿತ್ತು. ಅಲ್ಲಿನ ಹವೆ ಅವರಿಗೆ ಒಗ್ಗಲಿಲ್ಲ. ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗಲೆಲ್ಲ ಹ. ಬಿಲಾಲ್(ರ) ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲನ್ನೂ ನೆನೆದು ಹಂಬಲಿಸುತ್ತಿದ್ದರು. ಪ್ರವಾದಿವರ್ಯರು(ಸ) ಆ ಹಂಬಲವನ್ನು ದೌರ್ಬಲ್ಯವೆಂದು ಜರೆಯಲಿಲ್ಲ. ಮಕ್ಕಾದಷ್ಟೇ, ಅಥವಾ ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯಗೊಳಿಸು ಎಂದು ಅಲ್ಲಾಹನಲ್ಲಿ ಬೇಡಿದರು. ಬಂದ ಊರನ್ನು ಪ್ರೀತಿಸುವುದು ಪ್ರಾರ್ಥಿಸಿ ಪಡೆಯಬೇಕಾದ ಭಾಗ್ಯವೆಂದು ಇದರಿಂದ ತಿಳಿಯುತ್ತದೆ.

ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಘಟನೆ ಎಲ್ಲರಿಗೂ ತಿಳಿದದ್ದೇ. ಅನ್ಸಾರಿ ಸಹೋದರನು ತನ್ನ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ, ಅವರು ಅದನ್ನು ಪಡೆಯದೆ, ಬರ್ಕತ್‌ಗಾಗಿ ಹಾರೈಸಿ, ಮಾರುಕಟ್ಟೆ ಎಲ್ಲಿದೆಯೆಂದು ಮಾತ್ರ ಕೇಳಿದರು. ಹೊಸಬನಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ದಾರಿ. ಗುರುತಿಲ್ಲದ ನೆಲದಲ್ಲಿ ದಾರಿ ತಪ್ಪಿದವನಿಗೆ ದಾರಿ ತೋರಿಸುವುದು ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಮನೆಯೊಳಗಿನ ಹೊಸಬಳು

ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಊರಿಗೆ ಬಂದ ಗಂಡಸು ವಾರದೊಳಗೆ ಬಸ್ ನಿಲ್ದಾಣ, ಮಂಡಿ, ಚಹಾದಂಗಡಿ, ಮಸೀದಿ ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ. ಅವನ ಹೆಂಡತಿಗೆ ದಾರಿ ತೋರಿಸಿದವರು ಯಾರು? ವರ್ಷ ಕಳೆದರೂ ಬಾಡಿಗೆ ಮನೆಯ ಬಾಗಿಲು ಮತ್ತು ಎದುರಿನ ಅಂಗಡಿ, ಇಷ್ಟೇ ಅವಳು ಕಂಡ ಗುಂಡ್ಲುಪೇಟೆ. ಭಾಷೆ ಹೊಸದು, ತಾಯಿಮನೆ ದೂರ. ಮಗುವಿಗೆ ಜ್ವರ ಬಂದರೆ ಗಂಡನು ಸಂಜೆ ಬರುವವರೆಗೆ ಕಾಯಬೇಕು. ಗಂಡನಾದರೋ ಭಾನುವಾರವೂ ಗೆಳೆಯರೊಂದಿಗೆ ಊಟಿಗೆ ಹೊರಟುಬಿಡುತ್ತಾನೆ. ಅವಳು ಕೇಳಿದರೆ, ಹೆಂಗಸರಿಗೆ ಮನೆಯೇ ಒಳ್ಳೆಯದೆಂದು ಧರ್ಮದ ಹೆಸರಿನಲ್ಲಿ ಉತ್ತರ ಕೊಡುತ್ತಾನೆ.

ಸಹೋದರರೇ, ಪ್ರವಾದಿವರ್ಯರ(ಸ) ಮನೆಯನ್ನು ನೋಡಿರಿ. ಪ್ರಯಾಣದ ನಡುವೆ ಅವರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಡುತ್ತಿದ್ದಾಗ, ಆಯಿಶಾ(ರ)ರಿಗೆ ಮರೆಯಾಗಿ ನಿಂತು, ಅವರಿಗೆ ತಾವಾಗಿಯೇ ಸಾಕೆನಿಸುವವರೆಗೂ ಆಟವನ್ನು ತೋರಿಸಿದರು. ಇಡೀ ಉಮ್ಮತ್‌ನ ಹೊಣೆ ಹೊತ್ತವರಿಗೆ ಅದಕ್ಕೆ ಸಮಯವಿತ್ತು. ಅಂಗಡಿಯ ಹೊಣೆ ಹೊತ್ತ ನಮಗಿಲ್ಲವೇ?

ಹೆಣ್ಣು ಮಕ್ಕಳು ತಮ್ಮ ಅಗತ್ಯಗಳಿಗಾಗಿ ಹೊರಗೆ ಹೋಗಲು ಅನುಮತಿಯಿದೆಯೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಹೇಳಿದ್ದಾರೆ. ಮದೀನಾಕ್ಕೆ ಹೊಸದಾಗಿ ಬಂದಿದ್ದ ಹ. ಅಸ್ಮಾ(ರ) ಊರ ಹೊರಗಿನ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ನಡೆದು ಬರುತ್ತಿದ್ದರು. ದಾರಿಯಲ್ಲಿ ಅವರನ್ನು ಕಂಡ ಪ್ರವಾದಿವರ್ಯರು(ಸ) ಏಕೆ ಹೊರಬಂದೆಯೆಂದು ಗದರಲಿಲ್ಲ. ಹತ್ತಿಸಿಕೊಳ್ಳಲೆಂದು ತಮ್ಮ ಒಂಟೆಯನ್ನು ಕೂರಿಸಿದರು. ದೀರ್ಘ ಪ್ರಯಾಣಕ್ಕೆ ಮಹ್ರಮ್ ಜೊತೆಗಿರಬೇಕೆಂಬ ವಿಧಿಯನ್ನು ನಾವು ಮರೆತಿಲ್ಲ. ಆದರೆ ಆ ವಿಧಿಯು ಸ್ತ್ರೀಯ ರಕ್ಷಣೆಗಾಗಿ ಇರುವುದೇ ಹೊರತು ಪುರುಷನ ಸೋಮಾರಿತನಕ್ಕೆ ನೆಪವಾಗಿ ಅಲ್ಲ.

ಆದುದರಿಂದ ಮೊದಲ ಬಿಡುವಿನ ದಿನವನ್ನು ಮನೆಯವರಿಗೆ ದಾರಿ ತೋರಿಸಲು ಮೀಸಲಿಡಿರಿ. ಆಸ್ಪತ್ರೆ, ಶಾಲೆ, ಅಂಚೆ ಕಚೇರಿ, ಬಸ್ ನಿಲ್ದಾಣಗಳನ್ನು ಅವರೊಂದಿಗೆ ನಡೆದೇ ತೋರಿಸಿರಿ. ಬಸ್ಸಿನ ಫಲಕದಲ್ಲಿರುವ ಊರಿನ ಹೆಸರನ್ನು ಕನ್ನಡದಲ್ಲಿ ಓದಲು ಕಲಿಸಿರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯುಳ್ಳ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸುಗಳ ಪ್ರಯಾಣ ಉಚಿತ. ವಿಳಾಸ ಬದಲಿಸುವುದಕ್ಕೆ ಬೇಕಾದ ಒಂದು ದಿನದ ಓಡಾಟವನ್ನೂ ಗಂಡಂದಿರು ಮುಂದೂಡುತ್ತಾ ಹೋಗುವುದು ಸರಿಯಲ್ಲ. ಚಾಮರಾಜನಗರದಿಂದ ಮೈಸೂರಿಗೆ ರೈಲೂ ಇದೆ. 1892ರಲ್ಲಿ ಸ್ಥಾಪನೆಯಾದ ಅಲ್ಲಿನ ಮೃಗಾಲಯವು ಮಕ್ಕಳಿಗೆ ಅಲ್ಲಾಹನ ಸೃಷ್ಟಿಯ ವೈವಿಧ್ಯವನ್ನು ತೋರಿಸುತ್ತದೆ. ಮಂಗಳವಾರ ಅದಕ್ಕೆ ರಜೆ. ಇನ್ನಷ್ಟು ಮುಂದೆ ಶ್ರೀರಂಗಪಟ್ಟಣದಲ್ಲಿ 1799ರ ಮೇ 4ರಂದು ಹುತಾತ್ಮರಾದ ಟಿಪ್ಪು ಸುಲ್ತಾನರ ಸಮಾಧಿಯಿದೆ, ಅವರು ಕಟ್ಟಿಸಿದ ಮಸೀದಿಯಿದೆ. ನೋಡಿ ಬಂದ ಮಕ್ಕಳು ಕೇಳುವ ಪ್ರಶ್ನೆಗಳಿಗೆ ತಂದೆ ಉತ್ತರಿಸಿದರೆ ಅದೇ ಒಂದು ಪಾಠ.

ಖರ್ಚಿನ ಮಾತೇ ಬೇಡವೆನ್ನುವವರು ಪ್ರವಾದಿವರ್ಯರ(ಸ) ಇನ್ನೊಂದು ರೂಢಿಯನ್ನು ನೆನೆಯಲಿ. ಅವರು ಪ್ರತಿ ಶನಿವಾರ ಮದೀನಾದ ಹೊರವಲಯದ ಕುಬಾಕ್ಕೆ, ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿ ಮಾಡಿ ಹೋಗುತ್ತಿದ್ದರು, ಅಲ್ಲಿನ ಮಸೀದಿಯಲ್ಲಿ ಎರಡು ರಕಅತ್ ನಮಾಝ್ ಮಾಡುತ್ತಿದ್ದರು. ಅದು ಆರಾಧನೆಯಾಗಿತ್ತು. ವಾರಕ್ಕೊಮ್ಮೆ ಊರ ಹೊರಗೆ ಹೋಗಿ ಬರುವುದು ಶಿಸ್ತಿನ ಬದುಕಿಗೆ ಹೊರತಲ್ಲವೆಂದೂ ಅದರಿಂದ ತಿಳಿಯುತ್ತದೆ. ಚಾಮರಾಜನಗರದವರಿಗೆ ಸುವರ್ಣಾವತಿ ಜಲಾಶಯ ಹತ್ತಿರವಿದೆ. ಒಂದು ಬುತ್ತಿ, ಒಂದು ಚಾಪೆ, ನಮಾಝ್‌ನ ಸಮಯದ ಎಚ್ಚರ ಇಷ್ಟಿದ್ದರೆ ಸಾಕು.

ದಾರಿಯ ಹಕ್ಕು

ದಾರಿ ತಿಳಿದ ಮೇಲೆ ದಾರಿಯ ಹಕ್ಕನ್ನೂ ತಿಳಿಯಬೇಕು. ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ದಾರಿಯ ಹಕ್ಕುಗಳೆಂದು ಪ್ರವಾದಿವರ್ಯರು(ಸ) ಎಣಿಸಿ ಹೇಳಿದ್ದಾರೆ. ದಾರಿಯಲ್ಲಿರುವ ತೊಡಕನ್ನು ಸರಿಸುವುದು ಈಮಾನ್‌ನ ಒಂದು ಶಾಖೆ. ಹಾಗಿರುವಾಗ ದಾರಿಯಲ್ಲಿ ತಾನೇ ತೊಡಕಾಗುವವನ ಸ್ಥಿತಿಯೇನು?

ಗುಂಡ್ಲುಪೇಟೆಯಿಂದ ವಯನಾಡಿಗೂ ಊಟಿಗೂ ಹೋಗುವ ಎರಡು ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾದು ಹೋಗುತ್ತವೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಅದು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಪ್ಪಿಸಲು 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ತಲುಪಬೇಕೆಂದು ನಮ್ಮ ಯುವಕರು ಮೋಟಾರ್ ಸೈಕಲನ್ನು ಅತಿವೇಗದಲ್ಲಿ ಓಡಿಸುತ್ತಾರೆ. ಹಗಲಿನಲ್ಲಿ ಆನೆ ಕಂಡರೆ ವಾಹನದಿಂದ ಇಳಿದು ಫೋಟೋ ತೆಗೆಯುತ್ತಾರೆ, ಕೋತಿಗೆ ಬಿಸ್ಕತ್ ಎಸೆಯುತ್ತಾರೆ. ಇವೆಲ್ಲ ಕಾನೂನಿನಲ್ಲಿ ನಿಷಿದ್ಧ. ತನ್ನನ್ನು ತಾನೇ ವಿನಾಶಕ್ಕೆ ತಳ್ಳುವುದನ್ನು ಕುರ್‌ಆನ್ ನಿಷೇಧಿಸಿದೆ. ಬೆಕ್ಕೊಂದನ್ನು ಕಟ್ಟಿಹಾಕಿ ಕೊಂದ ಸ್ತ್ರೀ ನರಕಕ್ಕೆ ಹೋದಳು, ಬಾಯಾರಿದ ನಾಯಿಗೆ ನೀರುಣಿಸಿದವನಿಗೆ ಕ್ಷಮೆ ಸಿಕ್ಕಿತು ಎಂಬ ಹದೀಸ್‌ಗಳನ್ನು ಮದ್ರಸದಲ್ಲಿ ಕಲಿತವರು, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಜಿಂಕೆಯ ದಾರಿಯನ್ನು ಸೀಳಿ ಹೋಗಬಹುದೇ? ಮಗನ ಬೈಕಿಗೆ ದುಡ್ಡು ಕೊಟ್ಟ ತಂದೆಯೂ ಈ ಪ್ರಶ್ನೆಗೆ ಉತ್ತರಿಸಬೇಕಾದೀತು.

ಮಳೆಗಾಲದ ತಿಂಗಳುಗಳಲ್ಲಿ ಹೆದ್ದಾರಿ ಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಣ್ಣಿಗೆ ಹಬ್ಬ. ಆದರೆ ಅದು ರೈತನ ಬೆಳೆ, ನಮ್ಮ ತೋಟವಲ್ಲ. ಅನುಮತಿಯಿಲ್ಲದೆ ನುಗ್ಗಿ ಗಿಡ ತುಳಿಯುವುದು ಪರರ ಸೊತ್ತಿಗೆ ಹಾನಿ, ಬಂದೆಗಳ ಹಕ್ಕಿನಲ್ಲಿ ಅನ್ಯಾಯ. ತೌಬಾ ಒಂದರಿಂದಲೇ ಅದು ತೀರುವುದಿಲ್ಲ, ಹಕ್ಕುದಾರನನ್ನೂ ಒಪ್ಪಿಸಬೇಕು. ಹೊಸಬನ ಒಂದು ತಪ್ಪು ನಡತೆಯು ಅವನ ಇಡೀ ಸಮುದಾಯದ ಹೆಸರಿಗೆ ಅಂಟುತ್ತದೆ ಎಂಬುದನ್ನೂ ಮರೆಯಬಾರದು.

ಪ್ರವಾಸದ ಹುರುಪಿನಲ್ಲಿ ನಮಾಝ್ ಬಿಡುವವರೂ ಇದ್ದಾರೆ. ಊರ ಹೊರಗೆ ಹೋದರೆ ಸಾಕು, ಕಸ್ರ್ ಮಾಡಬಹುದೆಂದು ಭಾವಿಸುವವರೂ ಇದ್ದಾರೆ. ಸಾಮಾನ್ಯವಾಗಿ ವಿದ್ವಾಂಸರು ಹೇಳುವ 80 ಕಿಲೋಮೀಟರ್ ಆಸುಪಾಸಿನ ಅಂತರಕ್ಕೆ ಮೈಸೂರು ತಲುಪುವುದಿಲ್ಲ. ಹೊರಡುವ ಮೊದಲೇ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಿರಿ.

ಹಳಬರ ಹೊಣೆ

ಕೊನೆಯದಾಗಿ, ತಲೆಮಾರುಗಳಿಂದ ಇಲ್ಲಿ ನೆಲೆಸಿದವರಲ್ಲಿ ಒಂದು ವಿನಂತಿ. ನೀವು ಅನ್ಸಾರ್‌ಗಳ ಸ್ಥಾನದಲ್ಲಿದ್ದೀರಿ. ಹೊಸಬರಿಂದ ಚಂದಾ ಕೇಳುವ ಮೊದಲು ಅವರ ಮನೆಯ ಕ್ಷೇಮ ಕೇಳಿರಿ. ಹೊಸದಾಗಿ ಬಂದ ಸಹೋದರಿಯನ್ನು ನಿಮ್ಮ ಮನೆಯ ಹೆಂಗಸರು ಒಂದು ಸಂಜೆ ಕರೆದೊಯ್ದು ಊರು ತೋರಿಸಲಿ. ಅವಳ ಮಾತು ಮಲಯಾಳವೋ ಉರ್ದುವೋ ಆಗಿದ್ದರೆ ನಾಲ್ಕು ಕನ್ನಡದ ಮಾತು ಕಲಿಸಲಿ. ಇದಕ್ಕೆ ಹಣ ಬೇಕಿಲ್ಲ, ಒಂದು ತಾಸಿನ ಬಿಡುವು ಸಾಕು. ಅಷ್ಟರಿಂದ ಒಬ್ಬ ತಾಯಿಯು ಜ್ವರದ ಮಗುವನ್ನೆತ್ತಿಕೊಂಡು ಯಾರನ್ನೂ ಕಾಯದೆ ಆಸ್ಪತ್ರೆಗೆ ನಡೆದು ಹೋಗಬಲ್ಲಳು.

ನಮ್ಮ ಬಿಡುವನ್ನು ನಷ್ಟವಾಗದಂತೆ ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ನಾವು ಬಂದು ನೆಲೆಸಿದ ಊರನ್ನು ನಮಗೂ, ನಮ್ಮನ್ನು ಆ ಊರಿಗೂ ಪ್ರಿಯಗೊಳಿಸಲಿ. ಆಮೀನ್.