ಕಡಲತಳದ ಅಳತೆಯೂ ಸಂಶಯದ ಧರ್ಮವೂ

ಮನುಷ್ಯನು ತಾನು ಕಂಡು ತಿಳಿದ ನೆಲದ ಮೇಲೆಯೇ ಮನೆ ಕಟ್ಟುತ್ತಾನೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ಸ್ವಲ್ಪ ವಿಚಾರಿಸಿ ನೋಡಿದರೆ ಈ ನಂಬಿಕೆ ನಿಲ್ಲತಕ್ಕದ್ದಲ್ಲ. ನಾವು ಕಾಣುವುದು ನೆಲದ ಮೈಯನ್ನು ಮಾತ್ರ. ಭಾರವನ್ನು ಹೊರುವುದು ಅದರ ಒಡಲು. ಆ ಒಡಲನ್ನು ಕಂಡವರಾರು? ಅಲ್ಲೊಂದು ಇಲ್ಲೊಂದು ಗುಳಿ ತೋಡಿ, ನಡುವಣದೆಲ್ಲವೂ ಹಾಗೆಯೇ ಇರಬೇಕೆಂದು ಊಹಿಸಿ, ಆ ಊಹೆಯ ಮೇಲೆ ಗೋಡೆಯನ್ನೆಬ್ಬಿಸುತ್ತೇವೆ. ಆದುದರಿಂದ, ಕಾಣದ ನೆಲದ ಮೇಲೆ ಭಾರವನ್ನಿಡುವವನ ಕರ್ತವ್ಯವೇನು ಎಂಬ ಪ್ರಶ್ನೆ ಶಿಲ್ಪಿಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. ಒಬ್ಬರ ಮಾತನ್ನು ನಂಬಿ ಇನ್ನೊಬ್ಬರು ಬಾಳುವ ಈ ಲೋಕದಲ್ಲಿ ಅದು ಎಲ್ಲರ ಪ್ರಶ್ನೆ.

ಇದನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಕಡಲಿನ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ತನ್ನು ಪಡೆಯುವ ಉದ್ಯಮವು 1991ರಲ್ಲಿ ಡೆನ್ಮಾರ್ಕ್ ದೇಶದ ವಿಂಡೆಬಿ ಎಂಬಲ್ಲಿ ಹನ್ನೊಂದು ಯಂತ್ರಗಳಿಂದ ಮೊದಲಾಯಿತು. ನಮ್ಮ ದೇಶವು 2015ರಲ್ಲಿ ಇದಕ್ಕೊಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2024ರ ಜೂನ್ ತಿಂಗಳಲ್ಲಿ ಗುಜರಾತ್ ಮತ್ತು ತಮಿಳುನಾಡುಗಳ ಎದುರಿನ ಕಡಲಿನಲ್ಲಿ ತಲಾ 500 ಮೆಗಾವಾಟ್ ಸ್ಥಾಪಿಸಲು 7,453 ಕೋಟಿ ರೂಪಾಯಿಗಳ ನೆರವಿನ ಯೋಜನೆಗೆ ಕೇಂದ್ರ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ನಮ್ಮ ಊರಿನ ಎದುರಿನ ನೀರು ಈ ಯೋಜನೆಯಲ್ಲಿ ಸೇರಿಲ್ಲ. ಆದರೆ ಕಡಲತಳವನ್ನು ಓದುವವರ ಮನೆ ನಮ್ಮ ಊರಿನಲ್ಲಿಯೇ ಇದೆ. 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸಾಗರ ಮತ್ತು ಕರಾವಳಿ ವಿಭಾಗದ ಪ್ರಧಾನ ಕಾರ್ಯಾಲಯವು ಮಂಗಳೂರಿನಲ್ಲಿದೆ. ಅದರ ಹಡಗುಗಳಾದ 'ಸಮುದ್ರ ಮಂಥನ', 2013ರಲ್ಲಿ ಬಂದು ಸೇರಿದ 'ಸಮುದ್ರ ರತ್ನಾಕರ' ಮೊದಲಾದವು ದೇಶದ 20 ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ಕಡಲಿನ ತಳವನ್ನು ಅಳೆಯುವ ಕೆಲಸಕ್ಕಾಗಿ ಹುಟ್ಟಿದವು. ದೇವಾಸುರರು ಕಡಲನ್ನು ಕಡೆದಾಗ ಅಮೃತಕ್ಕೆ ಮೊದಲು ಹಾಲಾಹಲ ಬಂದಿತೆಂಬುದನ್ನು ಹಡಗಿಗೆ ಆ ಹೆಸರಿಟ್ಟವರು ಬಲ್ಲವರೇ ಆಗಿರಬೇಕು.

ಕಡಲತಳವನ್ನು ಅಳೆಯುವುದು ಹೇಗೆ? ಹಿಂದಿನ ನಾವಿಕರು ಸೀಸದ ಗುಂಡಿನ ಅಡಿಗೆ ಕೊಬ್ಬನ್ನು ಮೆತ್ತಿ ಹಗ್ಗದಿಂದ ಇಳಿಬಿಡುತ್ತಿದ್ದರು. ಹಗ್ಗದ ಉದ್ದದಿಂದ ಆಳವೂ, ಕೊಬ್ಬಿಗೆ ಅಂಟಿಕೊಂಡು ಬಂದ ಕೆಸರು ಮರಳುಗಳಿಂದ ತಳದ ಗುಣವೂ ತಿಳಿಯುತ್ತಿತ್ತು. ಈಗ ಆ ಕೆಲಸವನ್ನು ಶಬ್ದವು ಮಾಡುತ್ತದೆ. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುವುದರಿಂದ, 30 ಮೀಟರು ಆಳದ ತಳಕ್ಕೆ ಹೋದ ಧ್ವನಿಯು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನಷ್ಟು ಕಾಲದಲ್ಲಿ ಮರಳುತ್ತದೆ. ಇನ್ನೊಂದು ಬಗೆಯ ಗಡಸು ಧ್ವನಿ ಕೆಸರಿನ ಒಳಹೊಕ್ಕು ಕೆಳಗಿನ ಪದರಗಳಿಂದಲೂ ಪ್ರತಿಧ್ವನಿಯನ್ನು ತರುತ್ತದೆ. ಕೊನೆಗೆ ಕೆಲವೇ ಕಡೆಗಳಲ್ಲಿ ಕೊಳವೆಯನ್ನು ಇಳಿಸಿ ಮಣ್ಣನ್ನೇ ಮೇಲಕ್ಕೆ ತಂದು ಪರೀಕ್ಷಿಸುತ್ತಾರೆ. ನೂರಾರು ಟನ್ನು ತೂಕದ ಉಕ್ಕಿನ ಕಂಬವನ್ನು ಹತ್ತಾರು ಮೀಟರು ಆಳಕ್ಕೆ ಹೂಳಿ, ಇಪ್ಪತ್ತೈದು ವರ್ಷಗಳ ಗಾಳಿಗೂ ತೆರೆಗೂ ಒಡ್ಡಬೇಕಾದವರು ಇಷ್ಟನ್ನಾದರೂ ಮಾಡದೆ ಇರಲಾಗದು.

ನಮ್ಮ ಕಡಲಿನ ತಳವು ಓದುವುದಕ್ಕೆ ಸುಲಭವಾದ ಪುಸ್ತಕವಲ್ಲ. ಪರಶುರಾಮನು ಕೊಡಲಿಯನ್ನೆಸೆದು ಸಮುದ್ರವನ್ನು ಹಿಂದೆ ಸರಿಸಿ ಈ ನಾಡನ್ನು ಪಡೆದನೆಂಬ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಭೂಶಾಸ್ತ್ರವು ಹೇಳುವ ಕಥೆ ಇದಕ್ಕೆ ತಿರುಗುಮುರುಗು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ನೀರೆಲ್ಲ ಉತ್ತರ ಖಂಡಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಂಡಿದ್ದಾಗ, ಕಡಲಿನ ಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿತ್ತು. ಆಗ ನಮ್ಮ ದಡವು ಹತ್ತಾರು ಕಿಲೋಮೀಟರು ಪಡುವಲಿಗಿತ್ತು; ನೇತ್ರಾವತಿಯು ಈಗಿನ ಅಳಿವೆಯಲ್ಲಿ ನಿಲ್ಲದೆ ಅಷ್ಟು ದೂರ ಬಯಲಿನಲ್ಲಿ ಹರಿದು ಕಡಲನ್ನು ಕೂಡುತ್ತಿದ್ದಳು. ಮಂಜು ಕರಗಿತು, ಕಡಲು ಏರಿಬಂದು ಕೊಟ್ಟುದನ್ನು ಹಿಂದಕ್ಕೆ ಪಡೆಯಿತು. ಆ ಮುಳುಗಿದ ನಾಡಿನ ಕುರುಹುಗಳು ಇಂದಿಗೂ ಇವೆ. ದಡದಿಂದ ಸುಮಾರು 50 ಮೀಟರು ಆಳದವರೆಗೆ ಹೊಳೆಗಳು ತಂದು ಸುರಿದ ಮೆತ್ತನೆಯ ಕೆಸರು; ಅದರಾಚೆಗೆ ಹಳೆಯ ದಡಗಳ ಮರಳು, ಚಿಪ್ಪಿನ ಚೂರು, ಸುಣ್ಣದ ಕಲ್ಲು. ಯುರೋಪಿನ ಉತ್ತರ ಸಮುದ್ರದಲ್ಲಿಯೂ ಹೀಗೆಯೇ ಒಂದು ನಾಡು ಮುಳುಗಿದೆ. 1931ರಲ್ಲಿ ಮೀನುಹಡಗೊಂದರ ಬಲೆಗೆ ಸಿಕ್ಕಿದ ಸಸ್ಯಮಣ್ಣಿನ ಗಡ್ಡೆಯೊಳಗೆ ಪ್ರಾಚೀನ ಬೇಟೆಗಾರನ ಕೊಂಬಿನ ಈಟಿಮೊನೆಯಿತ್ತು. ಇಂದು ಅದೇ ಸಮುದ್ರದಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ.

ನಮ್ಮ ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಡಲತಳದ ಅಳತೆಯಲ್ಲಿ ಈ ನಾಲ್ಕೂ ಹೇಗೆ ಕೂಡುತ್ತವೆಂಬುದು ನೋಡತಕ್ಕದ್ದು. ಕೊಳವೆಯಲ್ಲಿ ಬಂದ ಮಣ್ಣು ಪ್ರತ್ಯಕ್ಷ. ಆದರೆ ಅದು ಅಂಗೈಯಗಲದ ಪ್ರತ್ಯಕ್ಷ. ಪ್ರತಿಧ್ವನಿಯು ಅನುಮಾನ. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಮರಳಿಬಂದ ಧ್ವನಿಯಿಂದ ತಳವನ್ನು ಊಹಿಸುತ್ತೇವೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಸೌದೆ ಹಸಿಯಾಗಿರಬೇಕು ಎಂಬ ಉಪಾಧಿಯನ್ನು ಅವರು ಗುರುತಿಸಿದ್ದರು. ಇಲ್ಲಿಯೂ ಉಪಾಧಿಯುಂಟು: ನೀರಿನ ಉಷ್ಣತೆಯೂ ಉಪ್ಪೂ ಬದಲಾದರೆ ಶಬ್ದದ ವೇಗ ಬದಲಾಗುತ್ತದೆ, ಅದನ್ನು ಮತ್ತೆ ಮತ್ತೆ ಅಳೆಯದಿದ್ದರೆ ಆಳದ ಲೆಕ್ಕವೇ ತಪ್ಪುತ್ತದೆ. ಉತ್ತರ ಸಮುದ್ರದಲ್ಲಿ ಕಂಬಗಳು ನಿಂತಿರುವುದರಿಂದ ಇಲ್ಲಿಯೂ ನಿಲ್ಲುತ್ತವೆ ಎನ್ನುವುದು ಉಪಮಾನ. ಆದರೆ ಅಲ್ಲಿನ ತಳವನ್ನು ಹಿಮನದಿಗಳು ತುಳಿದು ಗಟ್ಟಿಮಾಡಿವೆ. ಇಲ್ಲಿನದು ಮಳೆಗಾಲದ ಹೊಳೆಗಳು ಮೊನ್ನೆಮೊನ್ನೆ ತಂದ ಕೆಸರು. ಗೋವಿನಂತಹ ಮೃಗವೆಂದು ಕೇಳಿ ಕಾಡಿಗೆ ಹೋದವನು ಅಲ್ಲಿ ಕಂಡುದನ್ನು ಹಾಲು ಕರೆಯಹೊರಟರೆ ಅದು ಉಪಮಾನದ ದೋಷವಲ್ಲ, ಅವನ ದೋಷ.

ಈ ಪ್ರಮಾಣಗಳಿಗೆ ನಿಜವಾದ ಪರೀಕ್ಷೆ ಬರುವುದು ಇನ್ನೊಂದು ಕಡೆ. ನಮ್ಮ ಪಶ್ಚಿಮ ತೀರದ ಕೆಸರಿನಲ್ಲಿ ಅನೇಕ ಕಡೆ, ಕೊಳೆತ ಜೀವರಾಶಿಯಿಂದ ಹುಟ್ಟಿದ ಅನಿಲವು ಗುಳ್ಳೆಗಳಾಗಿ ಸೆರೆಯಾಗಿದೆ. ಒಳಹೊಕ್ಕ ಧ್ವನಿಯನ್ನು ಆ ಗುಳ್ಳೆಗಳು ನುಂಗಿಬಿಡುತ್ತವೆ. ಅದರ ಕೆಳಗೆ ಕಲ್ಲಿದೆಯೋ ಮಣ್ಣಿದೆಯೋ ತಿಳಿಯದು. ಚಿತ್ರಪಟದಲ್ಲಿ ಆ ಭಾಗವು ಪರದೆ ಬಿಟ್ಟಂತೆ ಮಸುಕಾಗಿ ಕಾಣುತ್ತದೆ. ಎಡಗಡೆಯ ಪದರವು ಸ್ಪಷ್ಟ, ಬಲಗಡೆಯದೂ ಸ್ಪಷ್ಟ. ನಡುವೆ ಮಾತ್ರ ಕತ್ತಲು. ಎರಡನ್ನೂ ಕೂಡಿಸಿ ಒಂದು ಗೆರೆಯನ್ನೆಳೆದರೆ ನಕ್ಷೆಯು ಸುಂದರವಾಗುತ್ತದೆ, ಓದುವವನಿಗೆ ಸಮಾಧಾನವಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಗೆರೆಯೂ ಬಹುಶಃ ಸರಿಯೇ ಇರಬಹುದು. ಹಾಗಾದರೆ ಅದನ್ನೆಳೆಯುವುದರಲ್ಲಿ ತಪ್ಪೇನು?

ತಪ್ಪೇನೆಂಬುದನ್ನು ನಾನು ಕಡಲಿನಿಂದ ಕಲಿಯಲಿಲ್ಲ. ನನ್ನ ಮನೆಯ ಮೂಲೆಯಿಂದ ಕಲಿತೆನು. ಮಂಗಳೂರಿನ ನೆಲವನ್ನು ಬಲ್ಲವರಿಗೆ, ಮೇಲೆ ಗಟ್ಟಿಯಾದ ಮುರಕಲ್ಲೂ ಅದರಡಿಯಲ್ಲಿ ಶೇಡಿಮಣ್ಣೂ ಇರುವ ಸಂಗತಿ ಹೊಸದಲ್ಲ. ಒಣಗಿದ್ದಾಗ ಶೇಡಿಯು ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದಾಗ ಬೆಣ್ಣೆಯಂತಾಗುತ್ತದೆ. ಹಲವು ವರ್ಷಗಳ ಹಿಂದೆ ಗುಡ್ಡದ ಇಳುಕಲಿನಲ್ಲಿ ನಾನು ಮನೆ ಕಟ್ಟಿಸಿದಾಗ, ಮೂರು ಕಡೆ ಗುಳಿ ತೋಡಿ ನೋಡಬೇಕೆಂದು ಮೇಸ್ತ್ರಿ ಹೇಳಿದನು. ಎರಡರಲ್ಲಿಯೂ ಒಳ್ಳೆಯ ಮುರಕಲ್ಲು ಸಿಕ್ಕಿತು. ಮೂರನೆಯದು ವ್ಯರ್ಥವೆಂದು ನಾನೇ ನಿಲ್ಲಿಸಿದೆನು. ಕೆಳಗಿನ ಹಿತ್ತಿಲಿನ ವೃದ್ಧೆಯೊಬ್ಬರು ಬಂದು, "ನಿಮ್ಮ ಕಟ್ಟೆ ನಮ್ಮ ಮೇಲೆ ಬೀಳದಷ್ಟೆ?" ಎಂದು ಕೇಳಿದಾಗ, "ನೆಲವನ್ನು ಪರೀಕ್ಷೆ ಮಾಡಿಸಿದ್ದೇವೆ, ಹೆದರಬೇಡಿ" ಎಂದೆನು. ಎರಡನೆಯ ಮಳೆಗಾಲದಲ್ಲಿ ನಡುವಣ ಮೂಲೆಯು ಕುಸಿಯಿತು. ಕಟ್ಟೆಯು ಜಾರಿ, ಅವರ ಬಾವಿಯು ಶೇಡಿಯ ಕೆಸರಿನಿಂದ ತುಂಬಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಬಾವಿಯನ್ನು ನಾನೇ ತೋಡಿಸಿಕೊಟ್ಟೆನು. ಆದರೆ ಆ ಬಳಿಕ ಆಕೆ ನನ್ನೊಡನೆ ಮಾತನಾಡಿದಾಗಲೆಲ್ಲ ನನ್ನ ಮುಖವನ್ನು ನೋಡದೆ ಕಟ್ಟೆಯನ್ನೇ ನೋಡುತ್ತಿದ್ದರು.

ನಾನು ಸುಳ್ಳು ಹೇಳಿದೆನೆ? ಪರೀಕ್ಷೆ ಮಾಡಿಸಿದ್ದು ನಿಜ. ಎರಡು ಗುಳಿಗಳೂ ನಿಜ. ಆದರೆ ನನ್ನ ಅಜ್ಞಾನವನ್ನು ನಾನು ಜ್ಞಾನದ ಬಟ್ಟೆ ಉಡಿಸಿ ಆಕೆಗೆ ಕೊಟ್ಟಿದ್ದೆನು. ಅಪಾಯದ ಪಾಲು ಆಕೆಯದಾಗಿತ್ತು, ಸಂಶಯದ ಪಾಲನ್ನು ಮಾತ್ರ ನಾನೊಬ್ಬನೇ ಇಟ್ಟುಕೊಂಡಿದ್ದೆನು. ತಪ್ಪು ಇಲ್ಲಿದೆ. ನಡುವಣ ಕತ್ತಲಿನ ಮೇಲೆ ಗೆರೆಯನ್ನೆಳೆಯುವವನು ಗೆರೆ ಸರಿಯಾಗಿದ್ದರೂ ತಪ್ಪಿತಸ್ಥನೇ. ಅದನ್ನು ನಂಬುವವನಿಗೆ ಎಚ್ಚರವಾಗಿರುವ ಹಕ್ಕನ್ನು ಅವನು ಕಸಿದುಕೊಂಡಿದ್ದಾನೆ.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಕಲ್ಲಿದ್ದಲಿನ ಹೊಗೆಯಿಂದ ಲೋಕವು ಬಿಸಿಯೇರುತ್ತಿದೆ, ಕಡಲು ಮತ್ತೆ ಮೇಲೇರುತ್ತಿದೆ. ಉಳ್ಳಾಲದ ದಡದಲ್ಲಿ ತೆರೆಗಳಿಗೆ ಮನೆಗಳನ್ನು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಅಲ್ಲಿ ಬೇರೆ ಕಾರಣಗಳೂ ಕೂಡಿರಬಹುದು. ಆದರೆ ಏರುವ ಕಡಲು ಯಾವ ದಡಕ್ಕೂ ಹಿತವಲ್ಲ. ಲೋಕದ ಸಾಗರತಳದಲ್ಲಿ ನೇರವಾಗಿ ಅಳೆದು ನಕ್ಷೆಗಿಳಿಸಿದ್ದು ಇಂದಿಗೂ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಎಲ್ಲ ಕತ್ತಲೂ ಹರಿಯುವ ತನಕ ಕಾಯುತ್ತ ಕುಳಿತರೆ ಗಾಳಿಯಂತ್ರ ಏಳುವುದೆಂದು, ಹೊಗೆ ನಿಲ್ಲುವುದೆಂದು? ಸಂಶಯವು ಸೋಮಾರಿಯ ಹಾಸಿಗೆಯಾಗದೆ? ಈ ಮಾತು ಸುಳ್ಳಲ್ಲ. ಆದರೆ ಸಂಶಯವನ್ನು ಬರೆಯುವುದು ಬೇರೆ, ಸಂಶಯದಲ್ಲಿ ಮುಳುಗುವುದು ಬೇರೆ. "ಇಲ್ಲಿಂದ ಇಲ್ಲಿಯ ತನಕ ಕಂಡಿದ್ದೇವೆ, ಇಷ್ಟು ಅಗಲದಲ್ಲಿ ಕಂಡಿಲ್ಲ" ಎಂದು ಬರೆದಿಟ್ಟವನು ಕೆಲಸವನ್ನು ನಿಲ್ಲಿಸುವುದಿಲ್ಲ, ಇನ್ನೊಂದು ಕೊಳವೆಯನ್ನು ಎಲ್ಲಿ ಇಳಿಸಬೇಕು, ಕಂಬವನ್ನು ಎತ್ತ ಸರಿಸಬೇಕೆಂಬುದನ್ನು ತೋರಿಸುತ್ತಾನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯು ನೋಡಬೇಡವೆನ್ನುವುದಿಲ್ಲ, ಇನ್ನೊಮ್ಮೆ ನೋಡೆನ್ನುತ್ತದೆ. ನನ್ನ ಮೂರನೆಯ ಗುಳಿಗೆ ಒಂದು ದಿನದ ಕೂಲಿ ಸಾಕಾಗಿತ್ತು.

ಇನ್ನು ಉಳಿದುದು ನಾಲ್ಕನೆಯ ಪ್ರಮಾಣವಾದ ಶಬ್ದ, ಎಂದರೆ ಆಪ್ತವಾಕ್ಯ. ಬಲ್ಲವನೂ ಸತ್ಯವನ್ನು ಹೇಳುವವನೂ ಆದವನು ಆಪ್ತನು. ಬೆಂಗರೆಯ ಮರಳದಿಣ್ಣೆಯಲ್ಲಿ ಬಲೆಯ ಹರಕನ್ನು ಹೊಲಿಯುತ್ತಿದ್ದ ಮುದಿ ಮೊಗವೀರರೊಬ್ಬರು ನನಗೆ ಒಮ್ಮೆ, ಈ ಹರಕು ಪಾದೆಗೆ ಸಿಕ್ಕಿದ್ದು, ಈ ಹರಕು ಹಳೆಯ ಹಡಗಿನ ಕಬ್ಬಿಣಕ್ಕೆ ಸಿಕ್ಕಿದ್ದು ಎಂದು ಬೇರೆಬೇರೆಯಾಗಿ ತೋರಿಸಿದ್ದರು. ಎಲ್ಲಿ ಕೆಸರು, ಎಲ್ಲಿ ಕಲ್ಲು, ಯಾವ ಮಳೆಗಾಲದ ಬಳಿಕ ಯಾವ ದಿಬ್ಬವು ಸರಿಯಿತು ಎಂಬುದು ಅವರಿಗೆ ತಲೆಮಾರಿನ ಪಾಠ. ಯಂತ್ರವು ನೋಡುವುದು ಹಡಗು ಹಾದುಹೋದ ದಿನದ ತಳವನ್ನು. ಅವರು ಬಲ್ಲುದು ಅರುವತ್ತು ವರ್ಷಗಳ ತಳವನ್ನು. ಇಂಥವರ ಮಾತನ್ನು ಮೊದಲೇ ಕೇಳುವುದು ಮರ್ಯಾದೆ ಮಾತ್ರವಲ್ಲ, ಪ್ರಮಾಣಶಾಸ್ತ್ರವೇ ವಿಧಿಸುವ ಕೆಲಸ. ಕೇಳಿದ ಬಳಿಕ ಇನ್ನೊಂದು ಹೊಣೆ ಬರುತ್ತದೆ: ಯಾರಿಂದ ತಿಳಿದೆವೋ ಅವರಿಗೆ, ನಾವು ತಿಳಿದುದನ್ನೂ ತಿಳಿಯದುದನ್ನೂ ಮರಳಿ ಹೇಳಬೇಕು. ಅಳತೆಯ ಪಟವು ಕಾರ್ಯಾಲಯದಲ್ಲಿ ಉಳಿದು, ಕಂಬವು ಮಾತ್ರ ಅವರ ಬಲೆಯ ದಾರಿಯಲ್ಲಿ ಎದ್ದರೆ, ನನ್ನ ಕಟ್ಟೆಗೂ ಅದಕ್ಕೂ ಭೇದವಿಲ್ಲ.

ನಮ್ಮ ಕಡಲಿನಲ್ಲಿ ಮುಂದೆ ಯಾವ ಕಂಬವೇಳುವುದೋ ನಾನರಿಯೆ. ಏಳುವುದಾದರೆ ಅದರ ಕೆಳಗಿನ ನಕ್ಷೆಯಲ್ಲಿ, ಕಾಣದ ಜಾಗವು ಕಾಣದ ಜಾಗವಾಗಿಯೇ ಉಳಿದಿರಲಿ. ನಮ್ಮ ಮನೆಯ ನಡುವಣ ಮೂಲೆಯ ಬಿರುಕನ್ನು ಗಾರೆಯಿಂದ ತುಂಬಿಸಿ ವರ್ಷಗಳಾದವು. ಮೇಲೆ ಸುಣ್ಣವನ್ನೂ ಬಳಿಸಿದ್ದೇನೆ. ಮಳೆಗಾಲ ಹಿಡಿದೊಡನೆ ಅದೇ ಜಾಗದಲ್ಲಿ ಕೂದಲೆಳೆಯಂತಹ ಗೆರೆಯೊಂದು ಮತ್ತೆ ಮೂಡುತ್ತದೆ. ಈಗ ಅದನ್ನು ಮುಚ್ಚಿಸುವುದಿಲ್ಲ. ಕೆಳಗಿನ ಹಿತ್ತಿಲಿನವರನ್ನು ಕರೆದು ತೋರಿಸುತ್ತೇನೆ.