ನಡುವೆ ನಿಂತವನು

ಅಪ್ಪ ಮತ್ತು ದೊಡ್ಡಪ್ಪ ಹದಿನಾಲ್ಕು ವರ್ಷ ಪರಸ್ಪರ ಮಾತಾಡಲಿಲ್ಲ. ಅವರಿಬ್ಬರ ಪರವಾಗಿ ಮಾತಾಡಿದವನು ನಾನು. ಪಾಲಾದಾಗ ಅಡಿಕೆ ತೋಟ ಎರಡಾಯಿತು. ಸುರಂಗದ ನೀರು ಬಂದು ಬೀಳುವ ಕೆರೆ ಮಾತ್ರ ಒಂದೇ ಉಳಿಯಿತು. ನೀರಿನ ಸರದಿ ತಪ್ಪಿದ ದಿನ ಅಪ್ಪ, "ಅವರತ್ರ ಹೇಳು, ನಾಚಿಕೆ ಬೇಕು ಅಂತ" ಎನ್ನುತ್ತಿದ್ದರು. ಹತ್ತು ವರ್ಷದ ನಾನು ತೋಟ ದಾಟಿ ಹೋಗಿ, "ನಾಳೆ ಸ್ವಲ್ಪ ಬೇಗ ನೀರು ಬಿಡಬಹುದಾ ಅಂತ ಅಪ್ಪ ಕೇಳಿದರು" ಎನ್ನುತ್ತಿದ್ದೆ. ಅಲ್ಲಿಂದ ಬರುವ ಉತ್ತರಕ್ಕೂ ಇದೇ ಉಪಚಾರ. ಒಂದು ಚೌತಿಯ ದಿನ, "ನೀವಿಲ್ಲದೆ ಉಣ್ಣುವುದಕ್ಕೆ ಅಪ್ಪನಿಗೆ ಬೇಸರ" ಎಂದೂ ಹೇಳಿ ಬಂದೆ. ಅಪ್ಪ ಅಂಥದ್ದೇನೂ ಹೇಳಿರಲಿಲ್ಲ. ಮನೆಗೊಬ್ಬ ಇಂಥ ಹುಡುಗ ಬೇಕು ಎಂದು ನೆಂಟರು ಹೊಗಳಿದರು. ನಾನೂ ನಂಬಿದೆ.

ಮುಂದೆ ಮಂಗಳೂರಿನಲ್ಲಿ ಓದುತ್ತಿದ್ದಾಗ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ 1978ರ ಪುಸ್ತಕ ಕೈಗೆ ಸಿಕ್ಕಿತು. 1954ರಿಂದ 1959ರವರೆಗೆ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ಸ್ಕಿಜೋಫ್ರೇನಿಯಾ ರೋಗಿಗಳ ಜೊತೆಗೆ ಮೊದಲು ತಾಯಂದಿರನ್ನೂ ಆಮೇಲೆ ಮನೆಯ ಉಳಿದವರನ್ನೂ ವಾರ್ಡಿನಲ್ಲೇ ಇರಿಸಿ ನೋಡಿದವರು. ಆ ರೋಗಕ್ಕೆ ತಾಯಿಯೇ ಕಾರಣವೆಂಬ ಆ ಕಾಲದ ಮಾತು ಈಗ ಬಿದ್ದುಹೋಗಿದೆ. ಬೋವೆನ್ ಹೇಳಿದ ತ್ರಿಕೋನ ಮಾತ್ರ ಉಳಿದಿದೆ. ಇಬ್ಬರ ನಡುವೆ ಬಿಗಿ ಹೆಚ್ಚಿದಾಗ ಅವರು ಮೂರನೆಯವನನ್ನು ಒಳಗೆಳೆಯುತ್ತಾರೆ. ಬಿಗಿ ಸಡಿಲಾಗುತ್ತದೆ, ಜಗಳ ಇದ್ದಲ್ಲೇ ಇರುತ್ತದೆ.

ಓದಿ ನನಗೆ ಸಿಟ್ಟು ಬಂತು. ಹಾಗಾದರೆ ಅವರ ಮೌನವನ್ನು ಸಾಕಿದವನು ನಾನೇ?

ಊರು ಬಿಟ್ಟು ದೂರ ಹೋಗುವುದನ್ನೂ ಬೋವೆನ್ ಬಿಡುಗಡೆಯೆಂದು ಒಪ್ಪುವುದಿಲ್ಲ. ಎರಡೂ ಕಡೆಯ ಬಳಕೆ ಬಿಡದೆ, ಯಾರ ಪಕ್ಷವನ್ನೂ ಹಿಡಿಯದೆ, ತಾನು ತಾನಾಗಿ ಇರಬೇಕಂತೆ. ಹೇಳುವುದು ಸುಲಭ. 1967ರಲ್ಲಿ ಫಿಲಡೆಲ್ಫಿಯಾದ ಸಭೆಯೊಂದರಲ್ಲಿ ತಮ್ಮ ಸ್ವಂತ ಮನೆಯಲ್ಲೇ ಇದನ್ನು ಪ್ರಯತ್ನಿಸಿದ ಕಥೆ ಹೇಳಿದ ಅವರು, 1972ರಲ್ಲಿ ಅಚ್ಚು ಹಾಕಿಸುವಾಗ ಹೆಸರು ಮುಚ್ಚಿಟ್ಟರು!

ನನ್ನ ತಕರಾರು ಬೇರೆ. ಎಲ್ಲರಿಗೂ ಪಾಲಿದೆ ಎಂದಾಗ ತಪ್ಪು ಯಾರದೆಂದು ಕೇಳುವುದೇ ಕಷ್ಟವಾಗುತ್ತದೆ. ಹೆಂಡತಿಗೆ ಹೊಡೆಯುವವನ ಮನೆಯಲ್ಲಿ ಆ ಮಾತು ಹೊಡೆದವನಿಗೇ ಅನುಕೂಲ. ಸ್ತ್ರೀವಾದಿ ಚಿಕಿತ್ಸಕಿಯರು ಇದನ್ನು 1980ರ ದಶಕದಲ್ಲೇ ಎತ್ತಿ ಹೇಳಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ. ಅಲ್ಲಿ ನನ್ನ ಪಾಲಿಗೆ ಇದ್ದದ್ದು ನನ್ನ ಸಿಹಿ ಸುಳ್ಳುಗಳು.

ಆ ಬೇಸಗೆ ರಜೆಗೆ ಹೋದವನು ಅಪ್ಪನಿಗೆ ಹೇಳಿದೆ: "ಇನ್ನು ನೀವೇ ಹೇಳಿ." ಅವರು ನನ್ನ ಹತ್ತಿರವೂ ಮಾತು ಬಿಟ್ಟರು. ಎರಡು ವಾರ ನಮ್ಮ ತೋಟಕ್ಕೆ ಸರಿಯಾಗಿ ನೀರು ಬರಲಿಲ್ಲ. ಎಳೆಯ ಅಡಿಕೆ ಗಿಡಗಳು ಬಾಡಿದವು. ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನನಗಿಂತ ಮೊದಲು ಆ ಕೆಲಸ ಅವಳದಾಗಿತ್ತು. ಕೊನೆಗೊಂದು ಸಂಜೆ ಕೆರೆಯ ದಂಡೆಯಲ್ಲಿ ಅಣ್ಣತಮ್ಮಂದಿರು ಊರಿಗೆ ಕೇಳುವಂತೆ ಬೈದಾಡಿಕೊಂಡರು. ಮರುದಿನದಿಂದ ನೀರಿನ ಸರದಿ ಸರಿಯಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಕೆಲವು ದಿನ ಕಳೆದು ದೊಡ್ಡಪ್ಪ ನನ್ನನ್ನು ಜಗಲಿಯಲ್ಲಿ ಕೂರಿಸಿ ಕೇಳಿದರು: "ಆ ಚೌತಿಗೆ ನೀನು ಬಂದು ಹೇಳಿದ್ದೆಯಲ್ಲ, ಅವನಿಗೆ ಬೇಸರ ಅಂತ. ಅದು ಯಾರ ಮಾತು?"

"ನನ್ನದು" ಎಂದೆ.

ಅವರು ಕೈಯಲ್ಲಿದ್ದ ವೀಳ್ಯದೆಲೆಯನ್ನು ಮತ್ತೆ ತಟ್ಟೆಗೆ ಹಾಕಿದರು. "ನಾನು ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ" ಎಂದರು.