ಉತ್ತರವೆಂಬ ಋಣ

ಮಗುವಿಗೆ ಮಾತು ಒಳಗಿನಿಂದ ಬರುತ್ತದೆಯೋ, ಹೊರಗಿನಿಂದಲೋ? ದಾರ್ಶನಿಕರು ಶತಮಾನಗಳಿಂದ ವಾದಿಸಿದ ಈ ಪ್ರಶ್ನೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ವಾಕ್ ಚಿಕಿತ್ಸಕಿಯಾದ ನನ್ನೆದುರು ದಿನವೂ ಬಂದು ಕೂರುತ್ತದೆ. “ಎರಡು ವರ್ಷ ತುಂಬಿತು ಮೇಡಂ, ಇನ್ನೂ ಅಮ್ಮ ಅಂತಲೂ ಅನ್ನಲ್ಲ” ಎನ್ನುವ ತಾಯಿ ಕೇಳುವುದೂ ಅದನ್ನೇ: ಇವನೊಳಗೆ ಮಾತು ಇದೆಯೇ?

ಇದೆ ಎನ್ನುತ್ತಾನೆ ಸುಮಾರು 5ನೆಯ ಶತಮಾನದ ವೈಯಾಕರಣ ಭರ್ತೃಹರಿ. ಮೊದಲ ಸಲ ನಾಲಗೆ ಹೊರಳಿಸುವುದನ್ನು, ಉಸಿರನ್ನು ಮೇಲಕ್ಕೆತ್ತುವುದನ್ನು ಕೂಸಿಗೆ ಯಾರು ಹೇಳಿಕೊಟ್ಟಾರು? ಹೇಳಿಕೊಡುವುದಕ್ಕೂ ಮಾತೇ ಬೇಕು. ಆದ್ದರಿಂದ ಹುಟ್ಟಿನೊಂದಿಗೇ ಬಂದ ಶಬ್ದಭಾವನೆಯೇ, ಅಂದರೆ ಮಾತಿನ ಸಂಸ್ಕಾರವೇ, ಅದನ್ನು ನಡೆಸುತ್ತದೆ ಎಂಬುದು ‘ವಾಕ್ಯಪದೀಯ’ದ ವಾದ. ಮೀಮಾಂಸಕರು ಹೊರಗೆ ನೋಡಿದರು. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ. ‘ಹಸುವನ್ನು ಕಟ್ಟು’ ಎನ್ನುತ್ತಾನೆ, ಕಟ್ಟುತ್ತಾನೆ. ಪಕ್ಕದಲ್ಲಿ ನೋಡುತ್ತಿರುವ ಮಗು ಯಾವ ಪದಕ್ಕೆ ಯಾವ ಅರ್ಥವೆಂದು ಬಿಡಿಸಿಕೊಳ್ಳುತ್ತದೆ. ಉತ್ತರ ಆಫ್ರಿಕಾದ ಸಂತ ಅಗಸ್ಟೀನ್ ಕೂಡ ‘ಕನ್ಫೆಷನ್ಸ್’ನಲ್ಲಿ, ಹಿರಿಯರನ್ನು ಗಮನಿಸುತ್ತಲೇ ತಾನು ಮಾತು ಕಲಿತೆ ಎಂದು ಬರೆದ.

ಈ ಚಿಂತನೆಗಳಿಗೆಲ್ಲ ಕೈಮುಗಿಯುತ್ತೇನೆ. ಆದರೆ ಇವುಗಳಲ್ಲಿ ಮಗು ಒಂಟಿ. ಮೀಮಾಂಸಕರ ಅಂಗಳದಲ್ಲಿ ಅದನ್ನು ಮಾತನಾಡಿಸುವವರೇ ಇಲ್ಲ. ಮನೆಯ ಬಚ್ಚಲಿಗೆ ಬನ್ನಿ. ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವಾಗ ಮೂರು ತಿಂಗಳ ಕೂಸು ‘ಊಂ’ ಎಂದರೆ ಅಜ್ಜಿ, “ಹೌದಾ ಪುಟ್ಟಾ? ಬಿಸಿ ಆಯ್ತಾ? ಆಯ್ತು ಕಂದಾ, ಇನ್ನೊಂದೇ ಚೊಂಬು” ಎನ್ನುತ್ತಾಳೆ. ಕೂಸು ಏನನ್ನೋ ಹೇಳಿತು ಎಂದು ಒಪ್ಪಿಕೊಂಡೇ ಉತ್ತರಿಸುತ್ತಾಳೆ. ಶ್ರದ್ಧೆ ಎಂದರೆ ನನಗೆ ಇದೇ: ಪುರಾವೆಗೆ ಕಾಯದೆ ನಂಬುವುದು, ನಂಬಿದ್ದು ನಿಜವಾಗುವಂತೆ ನಡೆದುಕೊಳ್ಳುವುದು. ಒಳಗಿನ ಮಾತು ಹೊರಗೆ ಬರಲು ಎದುರಿಗೊಬ್ಬರು ಬೇಕು.

ಶ್ರದ್ಧೆಯೆಂದರೆ ಕೈಕಟ್ಟಿ ಕೂರುವುದಲ್ಲ. “ಅವರಪ್ಪನೂ ತಡವಾಗಿಯೇ ಮಾತಾಡಿದ್ದು” ಎಂದು ದಿನ ದೂಡಬೇಡಿ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ‘ಹೇಳು, ಹೇಳು’ ಎಂದು ಪೀಡಿಸಬೇಡಿ. ಅದರ ಮುಖಕ್ಕೆ ಸಮನಾಗಿ ಕುಳಿತು, ಅದು ಬೆರಳು ತೋರಿದ ಕಡೆ ನೀವೂ ನೋಡಿ. “ಕಾಗೆ! ಕಾಗೆ ಹಾರಿಹೋಯ್ತು” ಎಂದು ಹೇಳಿ ಸುಮ್ಮನಾಗಿ, ಅದರ ಸರದಿಗೆ ಜಾಗ ಬಿಡಿ. ಮನೆಮಾತು ತುಳುವಾಗಲಿ, ಉರ್ದುವಾಗಲಿ, ಕೊಡವವಾಗಲಿ, ಶಾಲೆಯ ಭಾಷೆಗೆ ಹೆದರಿ ಅದನ್ನು ಬಿಡಬೇಡಿ. ನಿಮಗೆ ಪ್ರೀತಿ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿಗೂ ಮಾತು ಸಲೀಸು.

ಎಷ್ಟು ಮಾಡಿದರೂ ಬಾಯಿಮಾತು ಬಾರದ ಮಕ್ಕಳಿದ್ದಾರೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯೊಬ್ಬಳು ಚಿತ್ರಫಲಕದ ನೀರಿನ ಲೋಟದ ಮೇಲೆ ಕಣ್ಣು ನಿಲ್ಲಿಸುತ್ತಾಳೆ. “ನೀರು ಬೇಕೇನಮ್ಮಾ?” ಎಂದು ತಾಯಿ ಕೇಳುತ್ತಾಳೆ, ಅವಳ ಮುಖ ಅರಳುತ್ತದೆ. ಅಲ್ಲಿ ಸಂಭಾಷಣೆ ಪೂರ್ಣವಾಗಿ ನಡೆಯಿತು. ನಾಲಗೆಯಲ್ಲಿ ಕೇಳಿಸುವ ಮಾತಾದ ವೈಖರಿಯ ಹಿಂದೆ ಮಧ್ಯಮಾ, ಪಶ್ಯಂತೀ ಎಂಬ ಒಳಗಿನ ನೆಲೆಗಳನ್ನು ಕಂಡ ಭರ್ತೃಹರಿ ಅವಳನ್ನು ಮೂಕಿ ಎನ್ನುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಹಾಗಾಗಿ, ಸ್ಪಷ್ಟವಾಗಿ ಮಾತನಾಡಿದ ಮೇಲೆ ಕೊಡುವ ಬಹುಮಾನವೆಂದು ಉತ್ತರವನ್ನು ಕಾದಿರಿಸಬಾರದು. ನಮ್ಮ ತೊದಲಿಗೂ ಯಾರೋ ಓಗೊಟ್ಟಿದ್ದರಿಂದಲೇ ನಾವು ಮಾತಿನವರಾದೆವು; ಅದು ನಮ್ಮ ಮೇಲಿರುವ ಋಣ. ಸಂತಾನದಿಂದ ಪಿತೃಋಣ ತೀರುತ್ತದೆ ಎನ್ನುತ್ತದೆ ಶಾಸ್ತ್ರ. ಹೆತ್ತರಷ್ಟೇ ಸಾಲದು, ಆ ಮಗುವಿಗೆ ಓಗೊಟ್ಟರೆ ಮಾತ್ರ ಅದು ತೀರೀತು.